ತೊಡೆಯ ಚರ್ಮ, ಮುಖದ ಗಾಯ: ದೇಹದಲ್ಲಿ ‘ನನ್ನದು’ ಯಾವುದು?

ಚರ್ಮದ ಕ್ಯಾನ್ಸರಿಗೆ ಒಳಗಾದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೆ ಉಳಿಯುವ ಗಾಯವನ್ನು ಅದೇ ರೋಗಿಯ ತೊಡೆಯಿಂದಲೋ ಕಿವಿಯ ಹಿಂಬದಿಯಿಂದಲೋ ತೆಗೆದ ಚರ್ಮದಿಂದ ಮುಚ್ಚುವ ವಿಧಾನಕ್ಕೆ ಚರ್ಮ ಕಸಿ ಎಂದು ಹೆಸರು. ವೈದ್ಯರ ಪಾಲಿಗೆ ಇದು ಒಂದೂವರೆ ಶತಮಾನದಿಂದ ರೂಢಿಯಲ್ಲಿರುವ ಚಿಕಿತ್ಸೆ. ಆದರೆ ದೇಹಕ್ಕೂ ಆತ್ಮಕ್ಕೂ ಇರುವ ಸಂಬಂಧವನ್ನು ಕುರಿತು ಭಾರತೀಯ ದರ್ಶನಗಳು ಎತ್ತಿರುವ ಪ್ರಶ್ನೆಗಳನ್ನು ಇದರಷ್ಟು ಪ್ರತ್ಯಕ್ಷವಾಗಿ ಎದುರಿಗಿಡುವ ಚಿಕಿತ್ಸೆಗಳು ಹೆಚ್ಚಿಲ್ಲ. ಕತ್ತರಿಸಿ ತೆಗೆದದ್ದು ರೋಗಿಯ ದೇಹದಲ್ಲೇ ಹುಟ್ಟಿ ಬೆಳೆದದ್ದು, ತಂದು ಹೊಲಿದದ್ದೂ ಆ ದೇಹದ್ದೇ. ಹಾಗಿರುವಾಗ ಒಂದನ್ನು ಅನ್ಯವೆಂದು ತೊರೆಯುವುದಕ್ಕೂ ಇನ್ನೊಂದನ್ನು ಸ್ವಂತವೆಂದು ಉಳಿಸಿಕೊಳ್ಳುವುದಕ್ಕೂ ಆಧಾರವೇನು ಎಂಬುದು ಮೊದಲನೆಯ ಪ್ರಶ್ನೆ. ದೇಹವು ತಾನಲ್ಲ ಎಂದು ಬೋಧಿಸುವ ಧರ್ಮಗಳು ಆ ದೇಹದ ಗಾಯವನ್ನು ಮುಚ್ಚಲು ಪಡುವ ಇಷ್ಟೊಂದು ಶ್ರಮವನ್ನು ಒಪ್ಪಬಲ್ಲವೇ ಎಂಬುದು ಎರಡನೆಯದು.

ಈ ಪ್ರಶ್ನೆಗಳಿಗೆ ತೊಡಗುವ ಮುನ್ನ ಚಿಕಿತ್ಸೆಯ ಸ್ವರೂಪವನ್ನು ತಿಳಿಯಬೇಕು. ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ: ಹೊರಚರ್ಮದ ತಳಪದರಕ್ಕೆ ಸಂಬಂಧಿಸಿದ, ನಿಧಾನವಾಗಿ ಬೆಳೆಯುತ್ತ ಅಕ್ಕಪಕ್ಕದ ಭಾಗವನ್ನು ಕೊರೆಯುತ್ತ ಹೋಗುವ ಬೇಸಲ್ ಸೆಲ್ ಕಾರ್ಸಿನೋಮ; ಅದಕ್ಕೂ ಮೇಲಿನ ಚಪ್ಪಟೆ ಕೋಶಗಳ ಪದರಕ್ಕೆ ಸಂಬಂಧಿಸಿದ ಸ್ಕ್ವೇಮಸ್ ಸೆಲ್ ಕಾರ್ಸಿನೋಮ; ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಕೋಶಗಳಲ್ಲಿ ಹುಟ್ಟಿ ಬೇಗ ಹರಡಬಲ್ಲ ಮೆಲನೋಮ. ಬಿಸಿಲಿನ ಅತಿನೇರಳೆ ಕಿರಣಗಳು ಇವುಗಳಿಗೆ ದೊಡ್ಡ ಕಾರಣವಾದುದರಿಂದ ಮೆಲನಿನ್ ಹೆಚ್ಚಾಗಿರುವ ಭಾರತೀಯರಲ್ಲಿ ಇವು ಬಿಳಿಯರಲ್ಲಿರುವುದಕ್ಕಿಂತ ವಿರಳ. ಆದರೂ ಹಳೆಯ ಸುಟ್ಟಗಾಯದ ಕಲೆಯಲ್ಲಿ ಹುಟ್ಟುವ ಕ್ಯಾನ್ಸರು, ಚಳಿ ಕಾಯಿಸಲು ಕೆಂಡದ ಕಾಂಗ್ಡಿಯನ್ನು ಉಡುಪಿನೊಳಗೆ ಇಟ್ಟುಕೊಳ್ಳುವ ಕಾಶ್ಮೀರಿಗಳ ತೊಡೆ ಮತ್ತು ಹೊಟ್ಟೆಯ ಚರ್ಮದಲ್ಲಿ ಕಾಣಿಸುವ ಕ್ಯಾನ್ಸರು ಈ ದೇಶದ ವೈದ್ಯರಿಗೆ ಬಹುಕಾಲದಿಂದ ಪರಿಚಿತ. ಕಣ್ಣಿಗೆ ಕಾಣುವ ಗಂಟನ್ನಷ್ಟೇ ತೆಗೆದರೆ ಸಾಲದು. ಅದರ ಸುತ್ತಲಿನ ನಿರೋಗಿಯಾಗಿ ತೋರುವ ಚರ್ಮವನ್ನೂ, ಅಪಾಯ ಕಡಿಮೆಯಿರುವ ಬೇಸಲ್ ಸೆಲ್ ಗಂಟಾದರೆ ಸುಮಾರು 4 ಮಿಲಿಮೀಟರಿನಷ್ಟು, ಆಳಕ್ಕಿಳಿದ ಮೆಲನೋಮವಾದರೆ 1ರಿಂದ 2 ಸೆಂಟಿಮೀಟರಿನಷ್ಟು, ಸೇರಿಸಿಯೇ ತೆಗೆಯಬೇಕು. ಹೀಗಾಗಿ ಗಾಯವು ಯಾವಾಗಲೂ ರೋಗಕ್ಕಿಂತ ದೊಡ್ಡದು, ಅಂಚುಗಳನ್ನು ಎಳೆದು ಹೊಲಿಯಲಾಗದಷ್ಟು ಅಗಲವಾದಾಗ ಬೇರೆ ಕಡೆಯ ಚರ್ಮವನ್ನು ತರಬೇಕಾಗುತ್ತದೆ.

ಹಾಗೆ ತರುವುದಕ್ಕೆ ಎರಡು ದಾರಿಗಳಿವೆ. ಪಕ್ಕದ ಚರ್ಮವನ್ನು ಅದರ ರಕ್ತನಾಳ ಕಡಿಯದಂತೆ ಎಬ್ಬಿಸಿ, ಒಂದು ತುದಿ ಮೂಲಸ್ಥಾನಕ್ಕೆ ಅಂಟಿಕೊಂಡಿರುವಂತೆಯೇ ಗಾಯದ ಮೇಲಕ್ಕೆ ತಿರುಗಿಸಿ ಕೂರಿಸುವುದು ಫ್ಲ್ಯಾಪ್; ಸುಶ್ರುತ ಸಂಹಿತೆಯ ಸೂತ್ರಸ್ಥಾನವು ಕತ್ತರಿಸಿದ ಮೂಗನ್ನು ಎಲೆಯಿಂದ ಅಳತೆ ಮಾಡಿ ಕೆನ್ನೆಯ ಚರ್ಮದಿಂದ ಕಟ್ಟಬೇಕೆಂದು ವಿವರಿಸುವುದು ಇದನ್ನೇ. ಎರಡನೆಯದು ಚರ್ಮವನ್ನು ಮೂಲಸ್ಥಾನದಿಂದ ಪೂರ್ತಿಯಾಗಿ ಬೇರ್ಪಡಿಸಿ ತರುವ ಕಸಿ. ಪ್ಯಾರಿಸಿನಲ್ಲಿ 1869ರಲ್ಲಿ ಜಾಕ್ ಲೂಯಿ ರೆವರ್ದ್ಯಾಂ ಎಂಬ ತರುಣ ವೈದ್ಯ ಚರ್ಮದ ಸಣ್ಣ ಚೂರುಗಳನ್ನು ಗಾಯದ ಮೇಲೆ ಇಟ್ಟು ಅವು ಬೇರೂರುವುದನ್ನು ತೋರಿಸಿದಂದಿನಿಂದ ಇದರ ಆಧುನಿಕ ಇತಿಹಾಸ ಆರಂಭವಾಗುತ್ತದೆ. ಇಂದು ಮುಖದ ಸಣ್ಣ ಗಾಯಗಳಿಗೆ ಕಿವಿಯ ಹಿಂಬದಿಯ ಅಥವಾ ಕೊರಳಪಟ್ಟಿ ಮೂಳೆಯ ಮೇಲಿನ ಚರ್ಮವನ್ನು ಪೂರ್ಣ ದಪ್ಪದಲ್ಲಿ ತೆಗೆದರೆ, ದೊಡ್ಡ ಗಾಯಗಳಿಗೆ ತೊಡೆಯಿಂದ ಹೊರಚರ್ಮವನ್ನೂ ಒಳಚರ್ಮದ ಒಂದಂಶವನ್ನೂ ಮಾತ್ರ ತೆಳ್ಳಗೆ ಹೆರೆದು ತೆಗೆಯುತ್ತಾರೆ. ತೊಡೆಯಲ್ಲಿ ಉಳಿದ ಕೂದಲ ಬುಡಗಳಿಂದಲೂ ಬೆವರುಗ್ರಂಥಿಗಳಿಂದಲೂ ಹೊಸ ಹೊರಚರ್ಮ ಹರಡಿ ಎರಡು ವಾರಗಳ ಆಸುಪಾಸಿನಲ್ಲಿ ಅಲ್ಲಿಯ ಗಾಯ ಮಾಯುತ್ತದೆ.

ಹೀಗೆ ಹೆರೆದ ಚರ್ಮ ಬೆಳಕಿಗೆ ಹಿಡಿದರೆ ಆಚೆಯದು ಮಸುಕಾಗಿ ಕಾಣುವಷ್ಟು ತೆಳು, ರಕ್ತವಿಲ್ಲದೆ ಬಿಳಿಚಿಕೊಂಡಿರುತ್ತದೆ. ಅದನ್ನು ಗಾಯದ ಮೇಲೆ ಹರಡಿ, ಅಂಚನ್ನು ಹೊಲಿದು, ಮೇಲೆ ಹತ್ತಿಯ ಗಟ್ಟಿ ಉಂಡೆಯನ್ನು ಒತ್ತಿ ಕಟ್ಟಿ ಅಲುಗಾಡದಂತೆ ಬಿಗಿಯುತ್ತಾರೆ. ಮೊದಲ ಒಂದೆರಡು ದಿನ ಅದು ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡೇ ಬದುಕುತ್ತದೆ. ಎರಡನೆಯ ಅಥವಾ ಮೂರನೆಯ ದಿನದಿಂದ ಗಾಯದ ತಳದ ಕಿರುರಕ್ತನಾಳಗಳ ತುದಿಗಳು ಕಸಿಯಲ್ಲಿ ಕಡಿದುಹೋದ ನಾಳಗಳ ಬಾಯಿಗೆ ಬಾಯಿ ಕೂಡತೊಡಗುತ್ತವೆ. ಐದರಿಂದ ಏಳು ದಿನಗಳಲ್ಲಿ ರಕ್ತಸಂಚಾರ ನೆಲೆಗೊಂಡು, ಕಟ್ಟು ಬಿಚ್ಚಿದಾಗ ಬಿಳಿಚಿದ ಚರ್ಮ ನಸುಗೆಂಪಿಗೆ ತಿರುಗಿರುತ್ತದೆ. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ, ಸೋಂಕು ತಗುಲಿದರೆ, ಅಥವಾ ಚರ್ಮ ಜಾರಿದರೆ ಈ ಕೂಡುವಿಕೆ ನಡೆಯುವುದಿಲ್ಲ. ಪೊರೆ ಕಳೆದುಕೊಂಡ ಬರಿಯ ಮೂಳೆಯ ಮೇಲೂ ನಡೆಯುವುದಿಲ್ಲ. ಬಳಸದೆ ಉಳಿದ ತುಂಡನ್ನು ಉಪ್ಪುನೀರಿನಲ್ಲಿ ತೋಯಿಸಿದ ಬಟ್ಟೆಯಲ್ಲಿ ಸುತ್ತಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೆ ಅದು ದಿನಗಟ್ಟಲೆ ಬಳಕೆಗೆ ಯೋಗ್ಯವಾಗಿಯೇ ಇರುತ್ತದೆ. ಅಂದರೆ ದೇಹದಿಂದ ಬೇರ್ಪಟ್ಟೂ ಸಾಯದ, ಜೀವವಿದ್ದೂ ಯಾರಿಗೂ ಸ್ಪರ್ಶಜ್ಞಾನವನ್ನು ಕೊಡದ ಚರ್ಮವೊಂದು ಇರಬಲ್ಲದು.

ಇಂಥ ಚರ್ಮದ ಬಗ್ಗೆ ದರ್ಶನಗಳು ಏನು ಹೇಳಬಹುದು? ದೇಹವೇ ಆತ್ಮವೆನ್ನುವ ಲೋಕಾಯತರು ‘ನಾನು ದಪ್ಪ’, ‘ನಾನು ಕಪ್ಪು’ ಎಂಬ ನಿತ್ಯದ ಮಾತನ್ನೇ ಸಾಕ್ಷಿಯಾಗಿ ತೋರುತ್ತಿದ್ದರು. ಆ ಮಾತು ಸತ್ಯದ ಸಾಕ್ಷಿಯಲ್ಲ, ದೇಹದ ಧರ್ಮಗಳನ್ನು ಆತ್ಮದ ಮೇಲೆ ಹೊರಿಸುವ ಅಧ್ಯಾಸವೆಂಬ ಭ್ರಮೆಯ ಲಕ್ಷಣ ಎಂಬುದು ಶಂಕರರ ಉತ್ತರ. ನ್ಯಾಯದರ್ಶನದವರು ಮಧ್ಯದ ದಾರಿ ಹಿಡಿದು, ಬಾಲ್ಯದ ದೇಹ ಕಳೆದು ಮುಪ್ಪಿನ ದೇಹ ಬಂದರೂ ಬಾಲ್ಯದ ನೆನಪು ಉಳಿಯುವುದರಿಂದ ಆತ್ಮವು ದೇಹಕ್ಕಿಂತ ಬೇರೆ ಎಂದು ವಾದಿಸಿದರು. ಆದರೆ ಚರ್ಮಕ್ಕೆ ಅವರು ಕೊಟ್ಟ ಸ್ಥಾನ ವಿಶಿಷ್ಟವಾದುದು. ಎಲ್ಲ ಇಂದ್ರಿಯಗಳ ನೆಲೆಯನ್ನೂ ಚರ್ಮವು ವ್ಯಾಪಿಸಿರುವುದರಿಂದ ತ್ವಕ್ ಎಂಬ ಸ್ಪರ್ಶೇಂದ್ರಿಯವೊಂದೇ ನಿಜವಾದ ಇಂದ್ರಿಯವಾಗಿರಬಾರದೇಕೆ ಎಂಬ ಪೂರ್ವಪಕ್ಷವನ್ನು ನ್ಯಾಯಸೂತ್ರಗಳು ಎತ್ತಿ ಖಂಡಿಸುತ್ತವೆ. ಮುಂದೆ ನವ್ಯನ್ಯಾಯದ ಗ್ರಂಥಗಳಲ್ಲಿ ಮನಸ್ಸು ಚರ್ಮದೊಡನೆ ಕೂಡಿರುವುದೇ ಜ್ಞಾನ ಹುಟ್ಟುವುದಕ್ಕೆ ಸಾಮಾನ್ಯ ಕಾರಣವೆಂದೂ, ಆ ಕೂಡಿಕೆ ತಪ್ಪುವುದರಿಂದಲೇ ಗಾಢನಿದ್ರೆಯಲ್ಲಿ ಅರಿವು ಇಲ್ಲವೆಂದೂ ವಿಚಾರ ಬೆಳೆಯುತ್ತದೆ. ಈ ಮತದ ಪ್ರಕಾರ ನೋಡಿದರೆ ತಂಪುಪೆಟ್ಟಿಗೆಯಲ್ಲಿರುವ ಚರ್ಮ ಇಂದ್ರಿಯದ ಆಶ್ರಯವೇ ಅಲ್ಲ, ಅದು ಬರಿಯ ದ್ರವ್ಯ. ಗಾಯದ ಮೇಲೆ ಬೇರೂರಿ, ತಿಂಗಳುಗಳು ಕಳೆದು, ಅಂಚಿನಿಂದಲೂ ತಳದಿಂದಲೂ ನರದ ಎಳೆಗಳು ಒಳನುಗ್ಗಿ, ಅರೆಬರೆಯಾಗಿಯಾದರೂ ಬಿಸಿ ತಂಪು ತಿಳಿಯತೊಡಗಿದಾಗ ಅದು ಮತ್ತೆ ಇಂದ್ರಿಯದ ನೆಲೆಯಾಗುತ್ತದೆ.

ಬೌದ್ಧ ಚಿಂತನೆ ಇದೇ ಪ್ರಶ್ನೆಯನ್ನು ಒಂದು ಭೀಕರ ಕಥೆಯ ಮೂಲಕ ಎತ್ತಿತು. ನಾಗಾರ್ಜುನನದೆಂದು ಪರಂಪರೆ ಹೇಳುವ, ಕ್ರಿ.ಶ. 5ನೆಯ ಶತಮಾನದ ಆರಂಭದಲ್ಲಿ ಕುಮಾರಜೀವನು ಚೀನೀ ಭಾಷೆಗೆ ತಂದ ಪ್ರಜ್ಞಾಪಾರಮಿತೆಯ ಬೃಹದ್ವ್ಯಾಖ್ಯಾನದಲ್ಲಿ ಬರುವ ಆ ಕಥೆಯ ಪ್ರಕಾರ, ಪಾಳುಮನೆಯಲ್ಲಿ ರಾತ್ರಿ ತಂಗಿದ ಪ್ರಯಾಣಿಕನೊಬ್ಬನೆದುರು ಇಬ್ಬರು ರಾಕ್ಷಸರು ಹೆಣವೊಂದಕ್ಕಾಗಿ ಜಗಳವಾಡಿ, ಅದನ್ನು ತಂದವರು ಯಾರೆಂದು ಅವನನ್ನೇ ಕೇಳುತ್ತಾರೆ. ಅವನು ನಿಜ ಹೇಳಿದ್ದಕ್ಕೆ ಸಿಟ್ಟಾದವನು ಅವನ ತೋಳನ್ನು ಕಿತ್ತರೆ, ಮೆಚ್ಚಿದವನು ಹೆಣದ ತೋಳನ್ನು ಕಿತ್ತು ಅದೇ ಜಾಗಕ್ಕೆ ಜೋಡಿಸುತ್ತಾನೆ. ಹೀಗೆ ಕಾಲು, ಪಕ್ಕೆ, ತಲೆಯವರೆಗೆ ಸಕಲವೂ ಬದಲಾಗುತ್ತದೆ, ರಾಕ್ಷಸರು ಅವನ ಮೂಲದೇಹವನ್ನು ತಿಂದು ಬಾಯೊರಸಿಕೊಂಡು ಹೋಗುತ್ತಾರೆ. ತನಗೆ ಈಗ ದೇಹವಿದೆಯೋ ಇಲ್ಲವೋ ಎಂದು ದಿಕ್ಕೆಟ್ಟು ಕೇಳುತ್ತ ಬಂದ ಅವನಿಗೆ ಭಿಕ್ಷುಗಳು ಕೊಡುವ ಉತ್ತರದ ತಾತ್ಪರ್ಯ, ಅವನ ಮೊದಲಿನ ದೇಹದಲ್ಲೂ ‘ನಾನು’ ಎಂಬುದು ಇರಲಿಲ್ಲ, ಈಗಿನದರಲ್ಲೂ ಇಲ್ಲ, ಭೂತಗಳು ಕೂಡಿದಾಗ ದೇಹವೆಂಬ ವ್ಯವಹಾರ ಏರ್ಪಡುತ್ತದೆ ಎಂಬುದು. ಕಥೆಯ ಬಲವಿರುವುದು ಅದರ ಕ್ರಮದಲ್ಲಿ: ಮೊದಲ ತೋಳು ಬದಲಾದಾಗ ಅವನು ಅವನೇ ಎಂದು ಒಪ್ಪುವ ಓದುಗ, ಅವನು ಅವನಲ್ಲವಾದದ್ದು ಯಾವ ಅಂಗದಲ್ಲಿ ಎಂದು ಕೊನೆಯವರೆಗೂ ಹೇಳಲಾರ.

ಆದರೆ ಕಥೆಯ ರಾಕ್ಷಸ ಜೋಡಿಸಿದ ಅಂಗ ಕೂಡಲೇ ಕೂಡಿಕೊಳ್ಳುತ್ತದೆ; ವಾಸ್ತವದ ಚರ್ಮ ಅಷ್ಟು ವಿಧೇಯವಲ್ಲ, ಅದು ತನ್ನ ಊರನ್ನು ಬೇಗ ಮರೆಯುವುದಿಲ್ಲ. ಕೂದಲು ಬೆಳೆಯುವ ಕಡೆಯ ಚರ್ಮವನ್ನು ಪೂರ್ಣ ದಪ್ಪದಲ್ಲಿ ತಂದರೆ ಕೂದಲಿಲ್ಲದ ಹೊಸ ಜಾಗದಲ್ಲೂ ಕೂದಲು ಬೆಳೆಯುತ್ತದೆ; ತೊಡೆಯ ಚರ್ಮ ಮುಖಕ್ಕೆ ಬಂದರೂ ಅದರ ಬಣ್ಣ ಕೆನ್ನೆಯ ಬಣ್ಣದೊಡನೆ ಪೂರ್ತಿ ಬೆರೆಯುವುದಿಲ್ಲ. ಹಣೆಯ ಫ್ಲ್ಯಾಪಿನಿಂದ ಮೂಗನ್ನು ಕಟ್ಟಿಸಿಕೊಂಡವರ ಹೊಸ ಮೂಗನ್ನು ಮುಟ್ಟಿದರೆ, ನರದ ಸಂಪರ್ಕ ಕಡಿಯದಿರುವವರೆಗೆ, ಯಾರೋ ಹಣೆಯನ್ನು ಮುಟ್ಟಿದಂತೆ ಅವರಿಗೆ ತೋರುತ್ತದೆ. ಮುಟ್ಟಿದ ಜಾಗವೂ ಮುಟ್ಟಿದಂತೆ ತೋರುವ ಜಾಗವೂ ಬೇರೆಯಾಗಬಲ್ಲವು ಎಂಬ ಈ ಅನುಭವವು, ದೇಹದ ಬಗೆಗಿನ ನಮ್ಮ ಅರಿವು ದೇಹವನ್ನು ಇದ್ದಂತೆಯೇ ಕಾಣುವ ನೇರ ದರ್ಶನವಲ್ಲ, ರೂಢಿಯಿಂದ ಕಟ್ಟಿಕೊಂಡ ನಕ್ಷೆ ಎಂಬುದನ್ನು ತರ್ಕಕ್ಕಿಂತ ಬಲವಾಗಿ ಸಾಧಿಸುತ್ತದೆ.

‘ತನ್ನದು’ ಎಂಬುದರ ವಿಚಾರ 20ನೆಯ ಶತಮಾನದಲ್ಲಿ ಪ್ರಯೋಗಶಾಲೆಯನ್ನು ಹೊಕ್ಕದ್ದೂ ಚರ್ಮ ಕಸಿಯ ಬಾಗಿಲಿನಿಂದಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಅವರ ಸೋದರನ ಚರ್ಮದ ಚೂರುಗಳನ್ನು ಇಟ್ಟು ಗಮನಿಸಿದ ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡಾವರ್, ಮೊದಲ ಸಲ ಇಟ್ಟ ಚರ್ಮಕ್ಕಿಂತ ಎರಡನೆಯ ಸಲ ಇಟ್ಟದ್ದು ಬೇಗ ನಾಶವಾಯಿತೆಂದು 1943ರಲ್ಲಿ ಪ್ರಕಟಿಸಿದರು. ದೇಹವು ಅನ್ಯವನ್ನು ಗುರುತಿಸುವುದಷ್ಟೇ ಅಲ್ಲ, ನೆನಪಿಟ್ಟುಕೊಳ್ಳುತ್ತದೆ ಎಂಬುದು ಇದರಿಂದ ತಿಳಿಯಿತು. ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್ ಅವರು ರೋಗನಿರೋಧಕ ವ್ಯವಸ್ಥೆಯ ಕೆಲಸವನ್ನು ತಾನು ಮತ್ತು ತಾನಲ್ಲದ್ದು ಎಂಬ ವಿಂಗಡಣೆಯಾಗಿ ವಿವರಿಸಿದರು. ಮೆಡಾವರ್ ಮತ್ತು ಸಂಗಡಿಗರು 1953ರಲ್ಲಿ, ಗರ್ಭದಲ್ಲಿರುವಾಗಲೇ ಬೇರೆ ತಳಿಯ ಜೀವಕೋಶಗಳ ಪರಿಚಯವಾದ ಇಲಿಗಳು ಹುಟ್ಟಿ ಬೆಳೆದ ಮೇಲೆ ಆ ತಳಿಯ ಚರ್ಮವನ್ನು ತಮ್ಮದೆಂಬಂತೆ ಒಪ್ಪಿಕೊಳ್ಳುತ್ತವೆಂದು ತೋರಿಸಿದರು. 1960ರ ನೊಬೆಲ್ ಪ್ರಶಸ್ತಿಯನ್ನು ಬರ್ನೆಟ್ ಮತ್ತು ಮೆಡಾವರ್ ಹಂಚಿಕೊಂಡರು. ದೇಹಕ್ಕೆ ‘ಇದು ನನ್ನದು’ ಎಂಬ ಪ್ರತ್ಯಯವು ಹುಟ್ಟಿನಿಂದ ಬಂದ ಬದಲಾಗದ ಲಕ್ಷಣವಲ್ಲ, ಕಾಲಬದ್ಧವಾದ ಸಹವಾಸದಿಂದ ಒದಗುವ ಸಂಸ್ಕಾರ ಎಂಬುದು ಈ ಪ್ರಯೋಗಗಳಿಂದ ಹೊರಡುವ ಅರ್ಥ.

ಈ ಸಂಸ್ಕಾರ ಆತ್ಮದ ಗುರುತಾಗಲಾರದು ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಜೋಸೆಫ್ ಮರ್ರೆ 1954ರಲ್ಲಿ ಬಾಸ್ಟನ್ನಿನಲ್ಲಿ ಅವಳಿ ಸೋದರರ ನಡುವೆ ಮೂತ್ರಪಿಂಡದ ಕಸಿ ಮಾಡುವ ಮೊದಲು ಒಬ್ಬನ ಚರ್ಮದ ತುಂಡನ್ನು ಇನ್ನೊಬ್ಬನಿಗೆ ಇಟ್ಟು ಪರೀಕ್ಷಿಸಿದ್ದರು. ಏಕರೂಪ ಅವಳಿಗಳಾದುದರಿಂದ ಚರ್ಮ ಉಳಿಯಿತು. ನೋವು, ನೆನಪು, ಪಾಪಪುಣ್ಯಗಳು ಬೇರೆಬೇರೆಯಾದ ಇಬ್ಬರನ್ನು ದೇಹದ ಕಾವಲು ಒಬ್ಬನೆಂದೇ ಎಣಿಸಿತು. ಇದಕ್ಕೆ ತಿರುವುಮುರುವಾದದ್ದು ಕ್ಯಾನ್ಸರು: ದೇಹದ್ದೇ ಕೋಶಗಳಿಂದ ಹುಟ್ಟಿದ ಕಾರಣ ಕಾವಲಿನ ಕಣ್ಣನ್ನು ಅದು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಅನ್ಯರ ಮೂತ್ರಪಿಂಡವನ್ನು ದೇಹವು ತಿರಸ್ಕರಿಸದಿರಲೆಂದು ನಿರೋಧಶಕ್ತಿಯನ್ನು ಕುಗ್ಗಿಸುವ ಔಷಧಿಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಚರ್ಮದ ಕ್ಯಾನ್ಸರು, ಅದರಲ್ಲೂ ಸ್ಕ್ವೇಮಸ್ ಬಗೆಯದು, ಇತರರಿಗಿಂತ ಹಲವು ಪಟ್ಟು ಹೆಚ್ಚೆಂಬುದು ಈ ಎರಡು ಸಂಗತಿಗಳ ನಂಟನ್ನು ತೋರುತ್ತದೆ. ಕೇಡು ಮಾಡುವುದನ್ನು ಸ್ವಂತವೆಂದು ಉಳಿಸುವ, ಬದುಕಿಸುವುದನ್ನು ಅನ್ಯವೆಂದು ನೂಕುವ ಈ ಕಾವಲನ್ನು ಧರ್ಮವಿಚಾರದಲ್ಲಿ ಪ್ರಮಾಣವೆಂದು ಹಿಡಿಯಲಾಗದು. ಅಹಿತವಾದುದನ್ನು ‘ನನ್ನದು’ ಎಂದು ಅಪ್ಪಿಕೊಳ್ಳುವುದೇ ಬಂಧವೆಂದು ದರ್ಶನಗಳು ಹೇಳಿದ್ದಕ್ಕೆ ಇದು ಶರೀರದ ಮಟ್ಟದಲ್ಲೇ ದೊರೆಯುವ ಸಮರ್ಥನೆ.

ಬೇರ್ಪಟ್ಟ ಚರ್ಮದ ವಿಷಯದಲ್ಲಿ ಸಮಾಜವು ಎತ್ತಿದ ಪ್ರಶ್ನೆ ಬೇರೆಯದು, ಅದು ಶುಚಿ ಅಶುಚಿಗಳದು. ಮೈಮೇಲಿರುವ ತನಕ ಪೂಜ್ಯ ಪುರುಷನ ಅಂಗವಾದ ಕೂದಲು, ಉಗುರು, ತೊಗಲು ಮೈಯಿಂದ ಬೇರಾದ ಗಳಿಗೆಯಿಂದ ಮೈಲಿಗೆಯಾಗುತ್ತವೆ, ಅವನ್ನು ಮುಟ್ಟುವ ಕಸುಬಿನವರೂ ಮೈಲಿಗೆಯವರಾಗುತ್ತಾರೆ ಎಂಬ ಕಟ್ಟಳೆ ವೈದ್ಯನನ್ನೂ ಬಿಡಲಿಲ್ಲ. ಅವನ ಅನ್ನವನ್ನು ಸ್ವೀಕರಿಸಬಾರದೆಂಬ ವಿಧಿ ಮನುಸ್ಮೃತಿಯಲ್ಲಿದೆ. ಸುಶ್ರುತನ ವಿದ್ಯೆ ಎಲ್ಲಿ ಉಳಿದುಬಂದಿತ್ತೆಂಬುದನ್ನು ಮೈಸೂರಿನ ಇತಿಹಾಸದ ಒಂದು ಪ್ರಸಂಗ ತೋರಿಸುತ್ತದೆ. ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್ಜೀ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಲಾಯಿತು, ಆ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಚಿತ್ರಸಹಿತ ಅಚ್ಚಾಗಿ ಯೂರೋಪಿನ ವೈದ್ಯರ ಕಣ್ಣು ತೆರೆಸಿತು. ಕಟ್ಟಿದವನು ಇಟ್ಟಿಗೆ ಮಾಡುವ ಜಾತಿಯವನೆಂದು ವರದಿ ಹೇಳುತ್ತದೆ. ಶಾಸ್ತ್ರಗ್ರಂಥ ಬಲ್ಲವರು ರಕ್ತ ಮಾಂಸಗಳಿಂದ ದೂರ ಸರಿದಿದ್ದ ಕಾಲದಲ್ಲಿ, ಆ ಗ್ರಂಥದ ವಿದ್ಯೆ ಅದನ್ನು ಓದುವ ಹಕ್ಕಿಲ್ಲದವರ ಕೈಯಲ್ಲಿ ಬದುಕಿತ್ತು.

ಇನ್ನು ದೇಹವು ತಾನಲ್ಲ ಎನ್ನುವ ಧರ್ಮಗಳು ಅದರ ಆರೈಕೆಯನ್ನು ಒಪ್ಪಬಲ್ಲವೇ ಎಂಬ ಎರಡನೆಯ ಪ್ರಶ್ನೆ. ವಡ್ಡಾರಾಧನೆಯಲ್ಲೂ ಸ್ಥಾನ ಪಡೆದಿರುವ ಸನತ್ಕುಮಾರ ಚಕ್ರವರ್ತಿಯ ಜೈನ ಕಥೆ ಇದಕ್ಕೆ ಅತ್ಯಂತ ಕಟ್ಟುನಿಟ್ಟಿನ ಉತ್ತರವನ್ನು ಕೊಡುವಂತೆ ತೋರುತ್ತದೆ. ರೂಪಕ್ಕೆ ಹೆಸರಾದ ಆ ಚಕ್ರವರ್ತಿ ದೇಹದ ಚೆಲುವು ನಿಲ್ಲದೆಂದರಿತು ತಪಸ್ಸಿಗೆ ಹೋಗಿ, ಮೈಯೆಲ್ಲ ರೋಗಗಳಿಂದ ಕೂಡಿದಾಗಲೂ, ವೈದ್ಯನ ವೇಷದಲ್ಲಿ ಬಂದ ದೇವತೆಯ ಚಿಕಿತ್ಸೆಯನ್ನು ಬೇಡವೆಂದು ಹುಟ್ಟುಸಾವೆಂಬ ರೋಗಕ್ಕೆ ಮದ್ದುಂಟೇ ಎಂದು ಕೇಳುತ್ತಾನೆ. ದೇಹ ಬೇರೆ ತಾನು ಬೇರೆ ಎಂಬ ಅನ್ಯತ್ವ ಭಾವನೆ, ದೇಹದ ಹೊಲಸನ್ನು ನೆನೆಯುವ ಅಶುಚಿ ಭಾವನೆ ಎಂಬ ಎರಡು ಅನುಪ್ರೇಕ್ಷೆಗಳ, ಅಂದರೆ ಮತ್ತೆಮತ್ತೆ ಮಾಡಬೇಕಾದ ಚಿಂತನೆಗಳ, ಮೂರ್ತರೂಪ ಈ ಕಥೆ. ಆದರೆ ಇದು ಸಂಸಾರವನ್ನು ತೊರೆದ ಮುನಿಯ ಕಥೆ ಎಂಬುದನ್ನು ಮರೆಯಬಾರದು. ಅದೇ ಜೈನಧರ್ಮ ಶ್ರಾವಕನಿಗೆ, ಅಂದರೆ ಗೃಹಸ್ಥನಿಗೆ, ಅನ್ನದಾನ ಅಭಯದಾನ ಶಾಸ್ತ್ರದಾನಗಳ ಜೊತೆಗೆ ಔಷಧದಾನವನ್ನೂ ವಿಧಿಸಿತು. ತನ್ನ ದೇಹದಲ್ಲಿ ಮೋಹ ಬೇಡ ಎಂಬ ಬೋಧೆ, ನೋಯುವ ದೇಹವನ್ನು ಕಡೆಗಣಿಸಬಹುದು ಎಂಬ ಅನುಮತಿಯಲ್ಲ. ಮುಖದ ರಂಧ್ರವನ್ನು ಮುಚ್ಚುವುದು ರೂಪದ ಮೋಹವಾಗಬಹುದು, ಆದರೆ ಸೋಂಕನ್ನು ತಡೆಯುವ, ಊಟ ಮಾತು ನೋಟಗಳನ್ನು ಉಳಿಸುವ, ನಾಲ್ವರ ನಡುವೆ ತಲೆಯೆತ್ತಿ ಕೂರುವಂತೆ ಮಾಡುವ ಅದೇ ಕ್ರಿಯೆ ಸಾಧನೆಗೆ ಬೇಕಾದ ಉಪಕರಣದ ರಕ್ಷಣೆಯೂ ಆಗುತ್ತದೆ.

ಶರಣ ಪರಂಪರೆಯಲ್ಲಿ ವಿಚಾರ ಇನ್ನೊಂದು ದಿಕ್ಕಿಗೆ ಹೊರಳುತ್ತದೆ, ಅಲ್ಲಿ ದೇಹವು ತೊರೆಯಬೇಕಾದ ಹೊಲಸಲ್ಲ, ಅರ್ಪಿಸಬೇಕಾದ ಪದಾರ್ಥ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ‘ಶರಣು’ ಎಂದದ್ದಕ್ಕೆ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರೆಂದೂ, ಆ ಒಂದು ಹೆಚ್ಚಿನ ಮಾತಿನ ಋಣವನ್ನು ತೀರಿಸಲು ಹರಳಯ್ಯ ಮತ್ತು ಅವನ ಮಡದಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮವನ್ನು ತೆಗೆದು ಚಮ್ಮಾವುಗೆ ಮಾಡಿ ತಂದರೆಂದೂ, ಬಸವಣ್ಣನವರು ಅವನ್ನು ಮೆಟ್ಟಲೊಲ್ಲದೆ ತಲೆಯ ಮೇಲೆ ಹೊತ್ತರೆಂದೂ ಪರಂಪರೆ ಹೇಳುತ್ತದೆ. ಚರ್ಮವನ್ನು ಹದ ಮಾಡುವ ಕಸುಬಿನ ಕಾರಣಕ್ಕೆ ಅಸ್ಪೃಶ್ಯನೆನಿಸಿದವನು ತನ್ನದೇ ಚರ್ಮವನ್ನು ಕಾಣಿಕೆಯಾಗಿಸಿದಾಗ, ಬೇರ್ಪಟ್ಟ ತೊಗಲು ಮೈಲಿಗೆ ಎಂಬ ಕಟ್ಟಳೆಯ ಬುಡವೇ ಕಳಚಿಬೀಳುತ್ತದೆ. ಅದನ್ನು ಪಡೆದವರು ಬಳಸಲೊಲ್ಲದ್ದೂ ಅಷ್ಟೇ ಅರ್ಥವುಳ್ಳದ್ದು: ಇನ್ನೊಬ್ಬರ ಮೈಯ ಭಾಗವನ್ನು ಬೇಡಿ ಪಡೆಯುವ ಹಕ್ಕು ಯಾರಿಗೂ ಇಲ್ಲ, ತಾನಾಗಿ ಬಂದಾಗಲೂ ಅದು ಸರಕಾಗದು.

ಭಾರತದ ಕಾನೂನು ಈ ವಿವೇಕಕ್ಕೆ ಹತ್ತಿರದಲ್ಲೇ ನಿಂತಿದೆ. ಮಾನವ ಅಂಗಗಳ ಕಸಿಯನ್ನು ಕುರಿತ 1994ರ ಕಾಯ್ದೆ ಅಂಗಗಳ ಮಾರಾಟವನ್ನು ನಿಷೇಧಿಸಿತು. 2011ರ ತಿದ್ದುಪಡಿ ಚರ್ಮದಂಥ ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿರುವಂಥ ಸ್ಕಿನ್ ಬ್ಯಾಂಕುಗಳು ಮೃತರ ಬಂಧುಗಳ ಒಪ್ಪಿಗೆ ಪಡೆದು, ಸಾವಿನ ನಂತರ ಸುಮಾರು 6 ಗಂಟೆಗಳೊಳಗೆ ತೊಡೆ, ಕಾಲು, ಬೆನ್ನುಗಳಿಂದ ತೆಳುವಾದ ಪದರವನ್ನಷ್ಟೇ ತೆಗೆದು, ಗ್ಲಿಸರಾಲಿನಲ್ಲಿ ಸಂಸ್ಕರಿಸಿ ಇಡುತ್ತವೆ. ದೇಹ ವಿಕಾರಗೊಳ್ಳುವುದಿಲ್ಲವಾದುದರಿಂದ ಅಂತ್ಯಸಂಸ್ಕಾರಕ್ಕೆ ಅಡ್ಡಿಯಿಲ್ಲ. ಮುಖ್ಯವಾಗಿ ಸುಟ್ಟಗಾಯದ ರೋಗಿಗಳಿಗೆ ಬಳಕೆಯಾಗುವ ಈ ದಾನದ ಚರ್ಮ ಶಾಶ್ವತವಾಗಿ ಉಳಿಯುವುದಿಲ್ಲ. ಕೆಲವು ವಾರ ಗಾಯವನ್ನು ಮುಚ್ಚಿ, ದ್ರವ ಸೋರುವುದನ್ನೂ ಸೋಂಕನ್ನೂ ತಡೆದು, ಅಡಿಯಲ್ಲಿ ರೋಗಿಯದೇ ಚರ್ಮ ಬೆಳೆಯುವುದಕ್ಕೋ ಕಸಿಗೋ ಸಮಯ ಒದಗಿಸಿ ಕಳಚಿಹೋಗುತ್ತದೆ. ಪಡೆದವನ ದೇಹ ಅದನ್ನು ಕೊನೆಗೂ ತನ್ನದೆಂದು ಒಪ್ಪುವುದಿಲ್ಲ, ಆದರೂ ಅದರಿಂದಲೇ ಬದುಕುತ್ತದೆ.

ಆದಕಾರಣ ಮೊದಲ ಪ್ರಶ್ನೆಗೆ ಉತ್ತರವನ್ನು ಮೂಲದಲ್ಲಿ ಹುಡುಕುವುದು ವ್ಯರ್ಥ. ಎಲ್ಲಿ ಹುಟ್ಟಿತೆಂಬುದರಿಂದ ಚರ್ಮ ‘ನನ್ನದು’ ಆಗುವುದಾದರೆ ಕ್ಯಾನ್ಸರಿನ ಗಂಟು ತೊಡೆಯ ಚರ್ಮದಷ್ಟೇ ನನ್ನದು. ದೇಹ ಒಪ್ಪಿತೆಂಬುದರಿಂದ ಆಗುವುದಾದರೆ ಅವಳಿಯ ಚರ್ಮವೂ ನನ್ನದು, ಜೀವ ಉಳಿಸಿದ ದಾನಿಯ ಚರ್ಮ ನನ್ನದಲ್ಲ. ಕಸಿಯ ಚರ್ಮ ಮುಖದ್ದಾಗುವುದು ಗಾಯದ ತಳದಿಂದ ರಕ್ತವನ್ನು ಪಡೆದು, ಪ್ರತಿಯಾಗಿ ಆ ಗಾಯವನ್ನು ಕಾಯತೊಡಗಿದಾಗ. ಪಡೆಯುವುದು ನಿಂತರೆ ಅದು ಸಾಯುತ್ತದೆ, ಕಾಯುವುದು ನಿಂತರೆ ಅದನ್ನು ತೆಗೆಯಬೇಕಾಗುತ್ತದೆ. ದೇಹದ ವಿಷಯದಲ್ಲಿ ‘ನನ್ನದು’ ಎಂಬುದು ಒಡೆತನದ ಹಕ್ಕುಪತ್ರವಲ್ಲ, ಕೊಡುಕೊಳುವಿಕೆ ನಡೆಯುವಷ್ಟು ಕಾಲ ನಿಲ್ಲುವ ಸಂಬಂಧ. ಎರಡನೆಯ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ: ದೇಹವನ್ನು ಆತ್ಮವೆಂದು ಭ್ರಮಿಸದವನಿಗೂ ಈ ಸಂಬಂಧದ ಹೊಣೆ ತಪ್ಪಿದ್ದಲ್ಲ, ಆ ಹೊಣೆಯನ್ನು ಹೊರುವಾಗ ದೇಹವೇ ತಾನೆಂದು ನಂಬಬೇಕಾದುದೂ ಇಲ್ಲ. ತೊಡೆಗೆ ಗಾಯ ಮಾಡಿ ಮುಖದ ಗಾಯವನ್ನು ಮುಚ್ಚುವ ಶಸ್ತ್ರವೈದ್ಯ, ಮೃತನ ಚರ್ಮವನ್ನು ಅಪರಿಚಿತನಿಗೆ ಕೊಡಲು ಒಪ್ಪುವ ಬಂಧು, ಇಬ್ಬರೂ ತಿಳಿದೋ ತಿಳಿಯದೆಯೋ ಈ ನಿಲುವಿನಲ್ಲೇ ನಡೆಯುತ್ತಾರೆ; ವೈರಾಗ್ಯ ಮತ್ತು ಆರೈಕೆ ಪರಸ್ಪರ ವಿರೋಧಿಗಳೆಂಬ ಹಳೆಯ ಶಂಕೆಗೆ ಅವರ ನಡೆಯಲ್ಲಿ ಆಸ್ಪದವಿಲ್ಲ.